ಘಟಿಕೋತ್ಸವಕ್ಕೆ ಇಬ್ಬರೇ ಅತಿಥಿಗಳು ಏಕೆ?

ಮಗನೋ ಮಗಳೋ ವಿದೇಶದಲ್ಲಿ ಓದು ಮುಗಿಸುತ್ತಿರುವ ಮನೆಗಳಿಗೆ ಬೇಸಿಗೆಯ ಹೊತ್ತಿಗೆ ಒಂದು ಸುದ್ದಿ ತಲುಪುತ್ತದೆ: ಘಟಿಕೋತ್ಸವಕ್ಕೆ ಪ್ರತಿ ವಿದ್ಯಾರ್ಥಿಯ ಜೊತೆ ಇಬ್ಬರು ಅತಿಥಿಗಳಿಗೆ ಮಾತ್ರ ಪ್ರವೇಶ. ಅಪ್ಪ, ಅಮ್ಮ ಎನ್ನುವಷ್ಟರಲ್ಲಿ ಲೆಕ್ಕ ಮುಗಿಯಿತು. ಶಿಕ್ಷಣ ಸಾಲಕ್ಕೆ ಜಾಮೀನು ನಿಂತ ಸೋದರಮಾವ, ಮೊಮ್ಮಗಳು ಗೌನು ತೊಟ್ಟಿದ್ದನ್ನು ನೋಡಬೇಕೆಂದು ಪಾಸ್‌ಪೋರ್ಟ್ ಮಾಡಿಸಿಕೊಂಡ ಅಜ್ಜಿ, ಅದೇ ದೇಶದಲ್ಲಿ ಕೆಲಸದಲ್ಲಿರುವ ಅಕ್ಕ ಮತ್ತು ಭಾವ ಪಟ್ಟಿಯಿಂದ ಹೊರಗುಳಿಯುತ್ತಾರೆ. ಅಷ್ಟೊಂದು ಲಕ್ಷ ಶುಲ್ಕ ಕಟ್ಟಿಸಿಕೊಂಡ ಸಂಸ್ಥೆಗೆ ಇನ್ನೆರಡು ಕುರ್ಚಿ ಹಾಕಲು ಆಗುವುದಿಲ್ಲವೇ ಎಂದು ಮನೆಯವರು ಕೇಳುವುದು ಸಹಜ. ಸಭಾಂಗಣದಲ್ಲಿರುವ ಆಸನಗಳೆಷ್ಟು, ಬಾಗಿಲುಗಳ ಅಗಲವೆಷ್ಟು, ವೇದಿಕೆಯ ಮೇಲೆ ಹೆಸರು ಕೂಗಲು ಹಿಡಿಯುವ ಹೊತ್ತೆಷ್ಟು ಎಂಬುದನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ‘ಇಬ್ಬರು’ ಎಲ್ಲಿಂದ ಬಂದರೆಂಬುದು ತಿಳಿಯುತ್ತದೆ.

ಪದವಿಯೇ ಬೇರೆ, ಸಮಾರಂಭವೇ ಬೇರೆ

ಘಟಿಕೋತ್ಸವವೆಂದರೆ ವಿಶ್ವವಿದ್ಯಾಲಯವು ತನ್ನ ಶಾಸನಬದ್ಧ ಅಧಿಕಾರವನ್ನು ಬಳಸಿ ಪದವಿ ಪ್ರದಾನ ಮಾಡುವ ವಿಧ್ಯುಕ್ತ ಸಭೆ. ವಿದ್ಯಾರ್ಥಿಯು ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಪದವಿಗೆ ಅರ್ಹತೆ ದೊರೆಯುತ್ತದೆ. ಪದವಿ ಕೈಸೇರುವುದು ವಿಶ್ವವಿದ್ಯಾಲಯವು ಅದನ್ನು ಪ್ರದಾನ ಮಾಡಿದಾಗ. ಆದರೆ ಆ ಹೊತ್ತಿನಲ್ಲಿ ವಿದ್ಯಾರ್ಥಿ ಸಭೆಯಲ್ಲಿ ಹಾಜರಿರಲೇಬೇಕೆಂಬ ನಿಯಮ ಸಾಮಾನ್ಯವಾಗಿ ಇರುವುದಿಲ್ಲ. ಗೈರುಹಾಜರಿಯಲ್ಲಿ ಪದವಿ ಪಡೆಯುವ ವ್ಯವಸ್ಥೆ ಬಹುತೇಕ ಎಲ್ಲ ಕಡೆಯೂ ಇದೆ, ಹಾಗೆ ಪಡೆದ ಪ್ರಮಾಣಪತ್ರಕ್ಕೂ ವೇದಿಕೆಯ ಮೇಲೆ ಪಡೆದ ಪ್ರಮಾಣಪತ್ರಕ್ಕೂ ಬೆಲೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಅತಿಥಿ ಟಿಕೆಟ್ ಸಿಗಲಿಲ್ಲವೆಂದು ಕುಟುಂಬವು ಪ್ರಯಾಣವನ್ನೇ ರದ್ದು ಮಾಡಿದರೂ, ವಿದ್ಯಾರ್ಥಿಯೇ ಹೋಗದೆ ಉಳಿದರೂ, ಪದವಿಗೆ ಯಾವ ಕುಂದೂ ಬರುವುದಿಲ್ಲ. ಮಿತಿಯಿರುವುದು ಸಮಾರಂಭಕ್ಕೆ ಮಾತ್ರ.

ಆಸನಗಳನ್ನು ಹಂಚುವ ಲೆಕ್ಕ

ನಮ್ಮ ಮದುವೆ ಮನೆಯಲ್ಲಿ ಊಟದ ಹಾಲ್ ಇನ್ನೂರು ಎಲೆಗಳಿಗಷ್ಟೇ ಇದ್ದರೂ ಸಾವಿರ ಜನ ಉಂಡು ಹೋಗುತ್ತಾರೆ, ಏಕೆಂದರೆ ಒಂದು ಪಂಕ್ತಿ ಎದ್ದ ಮೇಲೆ ಇನ್ನೊಂದು ಪಂಕ್ತಿ ಕೂರುತ್ತದೆ. ಘಟಿಕೋತ್ಸವದ ಕಷ್ಟವೆಂದರೆ ಅಲ್ಲಿ ಇರುವುದು ಒಂದೇ ಪಂಕ್ತಿ. ಮೆರವಣಿಗೆ ಒಳಬಂದಾಗಿನಿಂದ ಕೊನೆಯ ಹೆಸರು ಕೂಗುವವರೆಗೆ ಎಲ್ಲರೂ ಒಟ್ಟಿಗೆ ಕೂತಿರಬೇಕು. ತಮ್ಮ ಮಗಳ ಹೆಸರು ಆಯಿತೆಂದು ಒಂದು ಕುಟುಂಬ ನಡುವೆ ಎದ್ದು ಹೋಗಿ ಇನ್ನೊಂದಕ್ಕೆ ಜಾಗ ಬಿಡುವಂತಿಲ್ಲ.

ಒಂದು ಸಭಾಂಗಣದಲ್ಲಿ 1,500 ಆಸನಗಳಿವೆ ಎಂದುಕೊಳ್ಳೋಣ. ಆ ದಿನದ ಸಮಾರಂಭದಲ್ಲಿ ಪದವಿ ಪಡೆಯುವವರು 400 ಮಂದಿ. ಪ್ರಾಧ್ಯಾಪಕರು, ಗಣ್ಯರು, ಸಿಬ್ಬಂದಿ ಮತ್ತು ಗಾಲಿಕುರ್ಚಿಗಾಗಿ ತೆರವು ಮಾಡಿದ ಜಾಗ ಸೇರಿ ಇನ್ನೊಂದು 100 ಆಸನ ಕಳೆಯೋಣ. ಉಳಿಯುವುದು 1,000. ಅದನ್ನು 400ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಮನುಷ್ಯನನ್ನು ಕೂರಿಸಲಾಗದು. ಆದ್ದರಿಂದ ತಲೆಗೆ ಎರಡು ಟಿಕೆಟ್, ಮಿಕ್ಕ 200 ಆಸನಗಳು ಕಾಯುವ ಪಟ್ಟಿಯವರಿಗೆ. ಇದೇ ಸಭಾಂಗಣದಲ್ಲಿ ತಲೆಗೆ ನಾಲ್ಕು ಟಿಕೆಟ್ ಕೊಡಬೇಕಾದರೆ ಒಂದು ಸಮಾರಂಭಕ್ಕೆ 280 ವಿದ್ಯಾರ್ಥಿಗಳಿಗಿಂತ ಹೆಚ್ಚು ಜನರನ್ನು ಕರೆಯುವಂತಿಲ್ಲ. ಅಂದರೆ ಸಮಾರಂಭಗಳ ಸಂಖ್ಯೆ ಹೆಚ್ಚಬೇಕು.

ಹೆಚ್ಚಿಸಬಹುದಲ್ಲ ಎಂದರೆ ಗಡಿಯಾರ ಅಡ್ಡಬರುತ್ತದೆ. ಒಂದು ಹೆಸರು ಕೂಗಿ, ಆ ವಿದ್ಯಾರ್ಥಿ ವೇದಿಕೆ ದಾಟಿ, ಕೈಕುಲುಕಿ ಇಳಿಯಲು ಎಂಟು ಸೆಕೆಂಡು ಹಿಡಿದರೂ 400 ಹೆಸರುಗಳಿಗೆ 53 ನಿಮಿಷ ಬೇಕು. ಮೆರವಣಿಗೆ, ಭಾಷಣ, ಗೌರವ ಪದವಿ ಸೇರಿದರೆ ಒಂದೂವರೆ ಗಂಟೆ ದಾಟುತ್ತದೆ. ನಂತರ ಸಾವಿರದೈನೂರು ಜನ ಹೊರಹೋಗಿ ಮುಂದಿನ ಸಾವಿರದೈನೂರು ಜನ ಒಳಬರಬೇಕು. ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳು ಜುಲೈ ತಿಂಗಳಿನಲ್ಲಿ ದಿನಕ್ಕೆ ಎರಡು ಮೂರು ಸಮಾರಂಭಗಳಂತೆ ಹಲವು ದಿನ ಘಟಿಕೋತ್ಸವ ನಡೆಸುವುದು ಹೀಗೆ ಪಂಕ್ತಿಗಳನ್ನು ಹೆಚ್ಚಿಸಿಕೊಂಡೇ. ಅದಾದ ಮೇಲೂ ಸಿಗುವುದು ಎರಡೋ ಮೂರೋ ಟಿಕೆಟ್.

ಬಾಗಿಲ ಬಳಿ ನಾಲ್ಕು ಕುರ್ಚಿ ಹಾಕಿದರೆ?

ನಮ್ಮ ಕಡೆಯ ಸಭೆ ಸಮಾರಂಭಗಳಲ್ಲಿ ಜನ ಹೆಚ್ಚಾದರೆ ನಡುವಿನ ಓಣಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕುತ್ತಾರೆ, ಅದೂ ಸಾಲದಿದ್ದರೆ ಹಿಂದೆ ನಿಲ್ಲುತ್ತಾರೆ. ಘಟಿಕೋತ್ಸವದಲ್ಲಿ ಇದಕ್ಕೆ ಅವಕಾಶವಿಲ್ಲದಿರಲು ಕಾರಣ ಅಗ್ನಿ ಸುರಕ್ಷತೆಯ ನಿಯಮ. ಜನ ಸೇರುವ ಯಾವುದೇ ಕಟ್ಟಡಕ್ಕೆ ಏಕಕಾಲಕ್ಕೆ ಎಷ್ಟು ಮಂದಿ ಒಳಗಿರಬಹುದು ಎಂಬ ಗರಿಷ್ಠ ಸಂಖ್ಯೆಯೊಂದು ಇರುತ್ತದೆ. ಆ ಸಂಖ್ಯೆಯನ್ನು ನಿರ್ಧರಿಸುವಾಗ ಜಾಗದ ವಿಸ್ತೀರ್ಣದಷ್ಟೇ ಹೊರಹೋಗುವ ದಾರಿಯೂ ಮುಖ್ಯವಾಗುತ್ತದೆ.

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯು ಆಸನವಿರುವ ಸಭಾಂಗಣಗಳಿಗೆ ತಲಾ 0.6 ಚದರ ಮೀಟರ್ ಎಂದು ಲೆಕ್ಕ ಹಿಡಿಯುತ್ತದೆ. ಹೊರಹೋಗುವ ಬಾಗಿಲುಗಳ ಒಟ್ಟು ಅಗಲವನ್ನು ತಲೆಗೆ 6.5 ಮಿಲಿಮೀಟರ್‌ನಂತೆ, ಮೆಟ್ಟಿಲುಗಳ ಅಗಲವನ್ನು ತಲೆಗೆ 10 ಮಿಲಿಮೀಟರ್‌ನಂತೆ ಕೂಡಿಸುತ್ತದೆ. ನಮ್ಮ ಉದಾಹರಣೆಯ 1,500 ಜನರಿಗೆ 900 ಚದರ ಮೀಟರ್ ಜಾಗ ಮತ್ತು ಎಲ್ಲ ಬಾಗಿಲುಗಳೂ ಸೇರಿ ಸುಮಾರು 9.75 ಮೀಟರ್ ಅಗಲ ಬೇಕಾಗುತ್ತದೆ. ಓಣಿಯಲ್ಲಿ ಹಾಕಿದ ಒಂದು ಕುರ್ಚಿಯು ಒಬ್ಬರನ್ನು ಹೆಚ್ಚಿಗೆ ಕೂರಿಸುತ್ತದೆ ನಿಜ; ಆದರೆ ಆ ಸಾಲಿನ ಅಷ್ಟೂ ಜನ ಹೊರಹೋಗುವ ದಾರಿಯನ್ನು ಅದು ಕಿರಿದು ಮಾಡುತ್ತದೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿ ದುರಂತದಲ್ಲಿ 59 ಮಂದಿ ಸತ್ತರು. ಬಾಲ್ಕನಿಯಲ್ಲಿ ಹೆಚ್ಚುವರಿ ಆಸನಗಳನ್ನು ಕೂಡಿಸಿ ಓಣಿಯನ್ನು ಮುಚ್ಚಿದ್ದೇ ಅಲ್ಲಿ ಜನ ಹೊರಬರಲಾರದೆ ಉಸಿರುಕಟ್ಟಿ ಸಾಯಲು ಒಂದು ಮುಖ್ಯ ಕಾರಣವೆಂದು ತನಿಖೆಯಲ್ಲಿ ತಿಳಿದುಬಂತು.

ಘಟಿಕೋತ್ಸವದಲ್ಲೇ ಈ ಮಿತಿ ಮೀರಿದರೆ ಏನಾಗುತ್ತದೆ ಎಂಬುದು 2024ರ ಮೇ ತಿಂಗಳಿನಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಕಂಡಿತು. ನರ್ಸಿಂಗ್ ಮತ್ತು ಆರೋಗ್ಯ ವಿಜ್ಞಾನಗಳ ವಿದ್ಯಾರ್ಥಿಗಳ ಪದವಿ ಸಮಾರಂಭವನ್ನು ಸುಮಾರು 1,500 ಆಸನಗಳ ಕ್ರ್ಯಾಮ್ಟನ್ ಸಭಾಂಗಣದಲ್ಲಿ ಇಟ್ಟುಕೊಳ್ಳಲಾಗಿತ್ತು. ಸಭಾಂಗಣ ತುಂಬಿದ ಮೇಲೆ ಬಾಗಿಲು ಮುಚ್ಚಿದರು. ಹೊರಗೆ ಉಳಿದ ಕುಟುಂಬದವರು ಬಾಗಿಲು ಬಡಿಯತೊಡಗಿದರು, ಗಾಜು ಒಡೆಯಿತು. ಕಡೆಗೆ ಅಗ್ನಿಶಾಮಕ ಇಲಾಖೆಯು ಕಾರ್ಯಕ್ರಮ ನಿಲ್ಲಿಸುವಂತೆ ಹೇಳಿದೆ ಎಂದು ವೇದಿಕೆಯಿಂದಲೇ ಘೋಷಿಸಬೇಕಾಯಿತು. ಗೌನು ತೊಟ್ಟು ಕೂತಿದ್ದ ವಿದ್ಯಾರ್ಥಿಗಳು ತಮ್ಮ ಹೆಸರು ಕೇಳದೆಯೇ ಎದ್ದುಬಂದರು. ಒಳಗೆ ಆಸನ ಸಿಕ್ಕಿದ್ದ ಹೆತ್ತವರಿಗೂ ಅಂದು ಏನೂ ನೋಡಲು ಸಿಗಲಿಲ್ಲ.

ಅಲ್ಲಿ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಎಲ್ಲ ಕಡೆಯೂ ಹಾಗೆ ಮುಗಿಯುವುದಿಲ್ಲ. 2023ರ ನವೆಂಬರ್ 25ರಂದು ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಬಯಲು ರಂಗಮಂದಿರದಲ್ಲಿ ವಿದ್ಯಾರ್ಥಿಗಳ ಉತ್ಸವದ ವೇಳೆ ಮಳೆ ಬಂತು. ಹೊರಗಿದ್ದವರು ಒಮ್ಮೆಲೇ ಗೇಟಿನತ್ತ ನುಗ್ಗಿದಾಗ ಕಡಿದಾದ ಮೆಟ್ಟಿಲುಗಳ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ನಾಲ್ವರು ಸತ್ತರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಮಂದಿ ಸತ್ತದ್ದು ಕನ್ನಡಿಗರು ಮರೆಯುವಂತಹುದಲ್ಲ. ಅವು ಘಟಿಕೋತ್ಸವಗಳಲ್ಲ, ಜನರ ಸಂಖ್ಯೆಯೂ ಬೇರೆ. ಆದರೂ ಒಂದು ಅಂಶ ಎಲ್ಲ ಕಡೆಯೂ ಒಂದೇ: ಆಪತ್ತು ಹುಟ್ಟುವುದು ಆಸನದಲ್ಲಿ ಕೂತವರಿಂದಲ್ಲ, ಒಳಗೆ ಜಾಗವಿದೆಯೋ ಇಲ್ಲವೋ ತಿಳಿಯದೆ ಗೇಟಿನಲ್ಲಿ ಒತ್ತರಿಸುವವರ ನಡುವೆ. ಹೆಸರು ಅಥವಾ ಸಂಖ್ಯೆ ನಮೂದಿಸಿದ ಟಿಕೆಟ್ ಮೊದಲು ತಪ್ಪಿಸುವುದು ಈ ಅನಿಶ್ಚಿತತೆಯನ್ನು.

ಹಳೆಯ ಸಭಾಂಗಣವನ್ನು ಬಿಡಲೊಲ್ಲದವರು, ಕ್ರೀಡಾಂಗಣಕ್ಕೆ ಹೋದವರು

ಕೆಲವು ವಿಶ್ವವಿದ್ಯಾಲಯಗಳು ಚಿಕ್ಕ ಸಭಾಂಗಣವನ್ನು ಬೇಕೆಂದೇ ಇಟ್ಟುಕೊಂಡಿವೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವು ಪದವಿ ಕೊಡುವುದು ಕ್ರಿಸ್ಟೋಫರ್ ರೆನ್ ವಿನ್ಯಾಸ ಮಾಡಿ 1669ರಲ್ಲಿ ಮುಗಿದ ಶೆಲ್ಡೋನಿಯನ್ ರಂಗಮಂದಿರದಲ್ಲಿ. ಕೇಂಬ್ರಿಡ್ಜಿನಲ್ಲಿ ಅದು ನಡೆಯುವುದು 1730ರಲ್ಲಿ ಪೂರ್ಣಗೊಂಡ ಸೆನೆಟ್ ಭವನದಲ್ಲಿ. ಅಂದಿನ ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಂತೆ ಕಟ್ಟಿದ ಕಟ್ಟಡಗಳವು.

ಕೇಂಬ್ರಿಡ್ಜಿನ ವಿಧಿಯನ್ನು ಹತ್ತಿರದಿಂದ ನೋಡಿದರೆ ಅವರು ಅದನ್ನು ದೊಡ್ಡ ಸಭಾಂಗಣಕ್ಕೆ ಏಕೆ ಸಾಗಿಸುವುದಿಲ್ಲವೆಂಬುದು ಅರ್ಥವಾಗುತ್ತದೆ. ಕಾಲೇಜುಗಳು ಒಂದರ ನಂತರ ಒಂದು ಬರುತ್ತವೆ. ಪ್ರತಿ ಕಾಲೇಜಿನ ಪರವಾಗಿ ವಿದ್ಯಾರ್ಥಿಗಳನ್ನು ಸಭೆಗೆ ಒಪ್ಪಿಸುವ ಅಧ್ಯಾಪಕರೊಬ್ಬರಿದ್ದು, ಅವರು ತಮ್ಮ ಬಲಗೈಯನ್ನು ಚಾಚುತ್ತಾರೆ. ನಾಲ್ವರು ವಿದ್ಯಾರ್ಥಿಗಳು ತಲಾ ಒಂದೊಂದು ಬೆರಳನ್ನು ಹಿಡಿದು ನಿಲ್ಲುತ್ತಾರೆ, ಆ ಅಧ್ಯಾಪಕರು ಲ್ಯಾಟಿನ್ನಿನಲ್ಲಿ ಶಿಫಾರಸು ಓದುತ್ತಾರೆ. ಬಳಿಕ ಒಬ್ಬೊಬ್ಬರೇ ಮುಂದೆ ಹೋಗಿ ಮಂಡಿಯೂರಿ ಕೈಜೋಡಿಸಿದಾಗ, ಕುಲಪತಿಗಳು ಅಥವಾ ಅವರ ಪ್ರತಿನಿಧಿಗಳು ಆ ಕೈಗಳನ್ನು ತಮ್ಮ ಕೈಗಳ ನಡುವೆ ಹಿಡಿದು ಲ್ಯಾಟಿನ್ನಿನಲ್ಲೇ ಪದವಿ ನೀಡುತ್ತಾರೆ. ವಿದ್ಯಾರ್ಥಿ ಎದ್ದು, ಬಾಗಿ ನಮಿಸಿ, ಪಕ್ಕದ ಬಾಗಿಲಿನಿಂದ ಹೊರಹೋಗಿ ಪ್ರಮಾಣಪತ್ರ ಪಡೆಯುತ್ತಾನೆ. ಇಷ್ಟು ಸೂಕ್ಷ್ಮವಾದ ವಿಧಿಯನ್ನು ಐದು ಸಾವಿರ ಆಸನಗಳ ಹಿಂದಿನ ಸಾಲಿನಲ್ಲಿ ಕೂತವರು ಕಾಣುವುದು ಕಷ್ಟ. ಬೇಸಿಗೆಯ ಮುಖ್ಯ ಪದವಿ ಪ್ರದಾನವನ್ನು ಅಲ್ಲಿ ಹಲವು ದಿನಗಳಿಗೆ ಹಂಚಿ, ತಲೆಗೆ ಕೆಲವೇ ಟಿಕೆಟ್‌ಗಳನ್ನು ಕಾಲೇಜುಗಳ ಮೂಲಕ ಕೊಡುತ್ತಾರೆ.

ಲಂಡನ್ನಿನ ಇಂಪೀರಿಯಲ್ ಕಾಲೇಜು ತನ್ನ ನೆರೆಯಲ್ಲೇ ಇರುವ, ಸುಮಾರು ಐದು ಸಾವಿರ ಜನ ಹಿಡಿಯುವ ರಾಯಲ್ ಆಲ್ಬರ್ಟ್ ಹಾಲನ್ನು ಬಳಸುತ್ತದೆ. ಅಮೆರಿಕದವರು ಇನ್ನೂ ಮುಂದೆ ಹೋಗಿದ್ದಾರೆ. ಮಿಷಿಗನ್ ವಿಶ್ವವಿದ್ಯಾಲಯವು ವಸಂತ ಕಾಲದ ಮುಖ್ಯ ಸಮಾರಂಭ ನಡೆಸುವುದು ಒಂದು ಲಕ್ಷಕ್ಕೂ ಹೆಚ್ಚು ಆಸನಗಳ ತನ್ನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. 2010ರಲ್ಲಿ ಅಂದಿನ ಅಧ್ಯಕ್ಷ ಬರಾಕ್ ಒಬಾಮ ಅಲ್ಲೇ ಘಟಿಕೋತ್ಸವ ಭಾಷಣ ಮಾಡಿದ್ದರು. ಅಲ್ಲಿ ಅಜ್ಜಿಗೂ ಸೋದರಮಾವನಿಗೂ ಧಾರಾಳವಾಗಿ ಜಾಗ ಸಿಗುತ್ತದೆ. ಆದರೆ ಅಂತಹ ಮಹಾಸಭೆಗಳಲ್ಲಿ ಸಾಮಾನ್ಯವಾಗಿ ಒಬ್ಬೊಬ್ಬರ ಹೆಸರು ಕೂಗುವುದಿಲ್ಲ. ಒಂದು ವಿಭಾಗದವರೆಲ್ಲ ಎದ್ದು ನಿಂತಾಗ ಒಟ್ಟಿಗೆ ಪದವಿ ಘೋಷಿಸುತ್ತಾರೆ, ಮಗಳು ಯಾವ ಸಾಲಿನಲ್ಲಿದ್ದಾಳೆಂದು ದೊಡ್ಡ ಪರದೆಯಲ್ಲಿ ಹುಡುಕಬೇಕು. ಹೆಸರು ಕೂಗಿ ವೇದಿಕೆಗೆ ಕರೆಯುವುದಕ್ಕೆ ಪ್ರತಿ ವಿಭಾಗವೂ ಬೇರೆಯದೇ ಆದ ಚಿಕ್ಕ ಸಮಾರಂಭ ನಡೆಸುತ್ತದೆ. ಟಿಕೆಟ್ಟಿನ ಬಿಗಿ ಅಲ್ಲಿ ಮರಳಿ ಬರುತ್ತದೆ. ಹೋವರ್ಡ್‌ನಲ್ಲಿ ನಿಂತುಹೋದದ್ದೂ ಇಂತಹದೇ ಒಂದು ವಿಭಾಗದ ಸಮಾರಂಭ. ಅಮೆರಿಕದಿಂದ ಬಂದ ಪತ್ರದಲ್ಲಿ ಎರಡು ದಿನಾಂಕ, ಎರಡು ಬೇರೆ ಮಿತಿಗಳಿದ್ದರೆ ಗಾಬರಿಯಾಗಬೇಕಿಲ್ಲ. ನನ್ನನ್ನು ಕೇಳಿದರೆ, ಎರಡರಲ್ಲಿ ಒಂದಕ್ಕೆ ಮಾತ್ರ ಹೋಗಲಾಗುವ ಹೆತ್ತವರು ಚಿಕ್ಕದನ್ನು ಆರಿಸಿಕೊಳ್ಳುವುದು ಮೇಲು.

ತಪಾಸಣೆಗೆ ಹಿಡಿಯುವ ಹೊತ್ತು

ಜಾಗ ಎಷ್ಟೇ ಇದ್ದರೂ ಗೇಟಿನಲ್ಲಿ ಚೀಲ ತೆರೆದು, ಲೋಹಶೋಧಕ ದಾಟಿಸಿ ಒಳಬಿಡುವುದಾದರೆ ಗಂಟೆಗೆ ಎಷ್ಟು ಜನರನ್ನು ಬಿಡಬಹುದೆಂಬುದೂ ಒಂದು ಮಿತಿಯಾಗುತ್ತದೆ. 2024ರಲ್ಲಿ ಗಾಜಾ ಯುದ್ಧದ ವಿರುದ್ಧ ಅಮೆರಿಕದ ಕ್ಯಾಂಪಸ್‌ಗಳಲ್ಲಿ ಪ್ರತಿಭಟನೆಗಳು ನಡೆಯುತ್ತಿದ್ದಾಗ ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಸಾಮಾನ್ಯವಾಗಿ ಸುಮಾರು 65,000 ಜನ ಸೇರುವ ತನ್ನ ಮುಖ್ಯ ಸಮಾರಂಭವನ್ನೇ ಕೈಬಿಟ್ಟಿತು. ಹೊಸ ಭದ್ರತಾ ಕ್ರಮಗಳಿಂದಾಗಿ ಅತಿಥಿಗಳನ್ನು ತಪಾಸಣೆ ಮಾಡಿ ಒಳಬಿಡಲು ಹೆಚ್ಚು ಸಮಯ ಬೇಕಾಗುತ್ತದೆ ಎಂಬುದು ಅದು ಕೊಟ್ಟ ಕಾರಣ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವೂ ಆ ವರ್ಷ ಮುಖ್ಯ ಸಮಾರಂಭ ಬಿಟ್ಟು ವಿಭಾಗವಾರು ಸಮಾರಂಭಗಳನ್ನಷ್ಟೇ ನಡೆಸಿತು.

ಕರ್ನಾಟಕದಲ್ಲಿ ಮಿತಿ ಬೀಳುವುದು ಯಾರ ಮೇಲೆ

ನಮ್ಮ ರಾಜ್ಯದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅತಿಥಿಗಳ ಪ್ರಶ್ನೆ ಬರುವ ಮೊದಲೇ ವಿದ್ಯಾರ್ಥಿಯ ಪ್ರಶ್ನೆ ಬರುತ್ತದೆ. ಬೆಳಗಾವಿಯಲ್ಲಿ ಕೇಂದ್ರ ಕಚೇರಿಯಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ರಾಜ್ಯದಾದ್ಯಂತ ಇನ್ನೂರಕ್ಕೂ ಹೆಚ್ಚು ಕಾಲೇಜುಗಳು ಸೇರಿವೆ. ಒಂದು ವರ್ಷ ಪದವಿ ಪಡೆಯುವವರನ್ನೆಲ್ಲ ಜ್ಞಾನಸಂಗಮ ಆವರಣಕ್ಕೆ ಕರೆದು ಒಬ್ಬೊಬ್ಬರ ಹೆಸರು ಕೂಗುವುದು ಆಗದ ಮಾತು. ಆದ್ದರಿಂದ ವೇದಿಕೆಗೆ ಬರುವವರು ಮುಖ್ಯವಾಗಿ ಚಿನ್ನದ ಪದಕ ಗಳಿಸಿದವರು ಮತ್ತು ಪಿಎಚ್‌ಡಿ ಪಡೆದವರು. ಮಿಕ್ಕವರ ಪ್ರಮಾಣಪತ್ರ ಕಾಲೇಜಿನ ಮೂಲಕ ಕೈಸೇರುತ್ತದೆ. ರಾಜ್ಯದ ಇತರ ಸಂಯೋಜಕ ವಿಶ್ವವಿದ್ಯಾಲಯಗಳ ಸ್ಥಿತಿಯೂ ಹೆಚ್ಚುಕಡಿಮೆ ಹೀಗೆಯೇ.

ಈ ಕೊರತೆಯನ್ನು ತುಂಬಲು ಕಾಲೇಜುಗಳು ತಮ್ಮ ಮಟ್ಟದಲ್ಲಿ ಗ್ರಾಜುಯೇಷನ್ ಡೇ ನಡೆಸುತ್ತವೆ. ಅಲ್ಲಿ ಗೌನು, ಟೋಪಿ, ಫೋಟೋ ಎಲ್ಲವೂ ಇರುತ್ತದೆ, ಅಪ್ಪ ಅಮ್ಮಂದಿರು ರೇಷ್ಮೆ ಸೀರೆ, ಪಂಚೆಯಲ್ಲಿ ಬರುವುದೂ ಅದಕ್ಕೇ. ಆದರೆ ಕಾನೂನಿನ ಪ್ರಕಾರ ಪದವಿ ಪ್ರದಾನ ಮಾಡುವ ಅಧಿಕಾರ ವಿಶ್ವವಿದ್ಯಾಲಯದ್ದು. ಅಧಿಕೃತ ಘಟಿಕೋತ್ಸವದಲ್ಲಿ ಕುಲಾಧಿಪತಿಗಳಾದ ರಾಜ್ಯಪಾಲರು ಬರುವುದರಿಂದ ಶಿಷ್ಟಾಚಾರ, ಪೊಲೀಸ್ ಭದ್ರತೆ, ಗಣ್ಯರಿಗೆ ಮೀಸಲಾದ ಮುಂದಿನ ಸಾಲುಗಳು ಎಂದು ಆಸನಗಳ ಸಂಖ್ಯೆ ಮತ್ತೂ ಇಳಿಯುತ್ತದೆ. ಪದಕ ಗಳಿಸಿದವರ ಹೆತ್ತವರು ಪಾಸು ಹಿಡಿದು ಸಮಯಕ್ಕೆ ಬಹಳ ಮೊದಲೇ ಬಂದು ಕೂರಬೇಕಾಗುವುದು ಇದರಿಂದಲೇ.

ಮೈಸೂರು ವಿಶ್ವವಿದ್ಯಾಲಯವು 2020ರ ಅಕ್ಟೋಬರ್ 19ರಂದು ಕ್ರಾಫರ್ಡ್ ಭವನದಲ್ಲಿ ತನ್ನ ಶತಮಾನದ ಘಟಿಕೋತ್ಸವ ನಡೆಸಿದಾಗ ಕೋವಿಡ್ ಕಾರಣದಿಂದ ಸಭೆಯಲ್ಲಿ ಕೆಲವರಿಗಷ್ಟೇ ಜಾಗವಿತ್ತು. ಪ್ರಧಾನಿಯವರ ಭಾಷಣವೂ ಆನ್‌ಲೈನ್ ಮೂಲಕವೇ ಬಂತು. ಸಮಾರಂಭವನ್ನು ನೇರಪ್ರಸಾರ ಮಾಡುವ ರೂಢಿ ಎಲ್ಲೆಡೆ ಗಟ್ಟಿಯಾದದ್ದು ಆ ಕಾಲದಲ್ಲಿ. ಅದು ಉಳಿದುಕೊಂಡಿರುವುದರಿಂದ ಇಂದು ಊರಿನಲ್ಲಿರುವ ಅಜ್ಜಿ ಮೊಬೈಲಿನಲ್ಲಾದರೂ ನೋಡಬಹುದು.

ಟಿಕೆಟ್ ಹಂಚುವ ಕ್ರಮ

ಎಲ್ಲರಿಗೂ ಸಮಾನ ಸಂಖ್ಯೆಯ ಟಿಕೆಟ್ ಎಂಬುದು ಅತ್ಯಂತ ಸರಳವಾದ ನಿಯಮ, ತಕರಾರಿಗೂ ಅವಕಾಶ ಕಡಿಮೆ. ಆದರೆ ಅದು ಎಲ್ಲ ಕುಟುಂಬಗಳಿಗೂ ಒಂದೇ ತೂಕದಲ್ಲಿ ತಾಗುವುದಿಲ್ಲ. ದೂರದ ದೇಶದಿಂದ ಬಂದ ವಿದ್ಯಾರ್ಥಿಯ ಕಡೆಯಿಂದ ಯಾರೂ ಬರದೆ ಎರಡೂ ಟಿಕೆಟ್ ಉಳಿಯಬಹುದು, ಅಪ್ಪ ಅಮ್ಮ ಬೇರೆಯಾಗಿ ಇಬ್ಬರೂ ಮರುಮದುವೆಯಾಗಿರುವ ವಿದ್ಯಾರ್ಥಿಗೆ ನಾಲ್ಕು ಟಿಕೆಟ್ ಇದ್ದರೂ ಸಾಲದಿರಬಹುದು. ಇದನ್ನು ಸರಿದೂಗಿಸಲು ಬಹಳಷ್ಟು ವಿಶ್ವವಿದ್ಯಾಲಯಗಳು ನೋಂದಣಿ ಮುಗಿದ ಮೇಲೆ ಉಳಿದ ಆಸನಗಳನ್ನು ಲೆಕ್ಕ ಹಾಕಿ, ಕೇಳಿಕೊಂಡವರಿಗೆ ಚೀಟಿ ಎತ್ತುವ ಮೂಲಕವೋ ಸರದಿಯ ಪ್ರಕಾರವೋ ಹಂಚುತ್ತವೆ. ಆ ಅರ್ಜಿಯ ಕಿಟಕಿ ಕೆಲವೇ ದಿನ ತೆರೆದಿರುತ್ತದೆ. ವಿದ್ಯಾರ್ಥಿಗಳು ಪರೀಕ್ಷೆಯ ಗಡಿಬಿಡಿಯಲ್ಲಿ ಅದನ್ನು ಮರೆಯುತ್ತಾರೆ, ಮನೆಯವರು ಒಮ್ಮೆ ನೆನಪಿಸಿದರೆ ತಪ್ಪೇನಿಲ್ಲ. ತನಗೆ ಬೇಡದ ಟಿಕೆಟನ್ನು ಗೆಳೆಯನಿಗೆ ಕೊಡಬಹುದೇ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ದುಡ್ಡಿಗೆ ಮಾರುವುದನ್ನು ಮಾತ್ರ ಅನೇಕ ಕಡೆ ನಿಷೇಧಿಸಿದ್ದಾರೆ.

ಮಡಿಲಲ್ಲಿ ಕೂರಿಸಿಕೊಳ್ಳುವ ಮಗುವಿಗೂ ಅನೇಕ ಕಡೆ ಟಿಕೆಟ್ ಬೇಕು. ಬೆಂಕಿ ಬಿದ್ದಾಗ ಹೊರತರಬೇಕಾದ ತಲೆಗಳಲ್ಲಿ ಆ ಮಗುವೂ ಒಂದು ಎಂಬುದೇ ಕಾರಣ. ಗಾಲಿಕುರ್ಚಿಯಲ್ಲಿ ಬರುವವರಿಗೂ ಅವರ ಜೊತೆಗಾರರಿಗೂ ಮುಂಚಿತವಾಗಿ ತಿಳಿಸಿದರೆ ಬೇರೆ ಜಾಗ ಕಾಯ್ದಿರಿಸುತ್ತಾರೆ. ಅಜ್ಜಿಗೆ ಮೆಟ್ಟಿಲು ಹತ್ತಲಾಗದಿದ್ದರೆ ಅದನ್ನೂ ನೋಂದಣಿಯ ವೇಳೆಯೇ ಬರೆಯಬೇಕು. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವ ದಾರಿ ಒಂದೇ ಇರಬಹುದು.

ಟಿಕೆಟ್ ಸಿಕ್ಕಿದರೆ ವೀಸಾ ಸಿಕ್ಕಂತಲ್ಲ

ವಿದೇಶಕ್ಕೆ ಹೋಗುವ ಕುಟುಂಬಗಳು ಇವೆರಡನ್ನು ಒಂದಕ್ಕೊಂದು ಬೆರೆಸಿಕೊಳ್ಳುವುದುಂಟು. ಬ್ರಿಟನ್ನಿಗೆ ಘಟಿಕೋತ್ಸವ ನೋಡಲು ಹೋಗುವವರು ಸಾಮಾನ್ಯ ಸಂದರ್ಶಕರ ವೀಸಾಕ್ಕೆ ಅರ್ಜಿ ಹಾಕುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಒಂದು ಭೇಟಿಗೆ ಆರು ತಿಂಗಳವರೆಗೆ ಇರಬಹುದು. ಅಮೆರಿಕಕ್ಕಾದರೆ ಬಿ-2 ಸಂದರ್ಶಕ ವೀಸಾ. ವಿಶ್ವವಿದ್ಯಾಲಯವು ಕೊಡುವ ಆಹ್ವಾನ ಪತ್ರವು ಪ್ರಯಾಣದ ಉದ್ದೇಶವನ್ನು ತೋರಿಸುತ್ತದೆ ಅಷ್ಟೇ. ಖರ್ಚಿಗೆ ಹಣವಿದೆಯೇ, ಹೋದವರು ಹಿಂತಿರುಗುತ್ತಾರೆಯೇ ಎಂಬುದನ್ನು ವೀಸಾ ಅಧಿಕಾರಿಯು ಪ್ರತಿಯೊಬ್ಬರ ವಿಷಯದಲ್ಲೂ ಬೇರೆಯಾಗಿ ತೂಗುತ್ತಾರೆ. ಅಪ್ಪನಿಗೆ ಸಿಕ್ಕಿ ಅಮ್ಮನಿಗೆ ತಡವಾಗುವುದೂ ಇದೆ. ಹಾಗೆಯೇ, ಟಿಕೆಟ್ ಇಲ್ಲದ ಸೋದರಮಾವನೂ ಪ್ರವಾಸಿಯಾಗಿ ವೀಸಾ ಪಡೆದು ಆ ಊರಿಗೆ ಹೋಗಲು ಅಡ್ಡಿಯೇನಿಲ್ಲ. ಇಂತಹವರಿಗಾಗಿ ಕೆಲವು ವಿಶ್ವವಿದ್ಯಾಲಯಗಳು ಪಕ್ಕದ ಕಟ್ಟಡದಲ್ಲಿ ದೊಡ್ಡ ಪರದೆ ಹಾಕಿ, ಟಿಕೆಟ್ ಇಲ್ಲದೆಯೇ ಕೂರಲು ಬಿಡುತ್ತವೆ.

ಕುಟುಂಬದ ಫೋಟೋಗಳಲ್ಲಿ ಹೆಚ್ಚಿನವನ್ನು ತೆಗೆಯುವುದು ಸಭಾಂಗಣದ ಒಳಗಲ್ಲ, ಹೊರಗಿನ ಹುಲ್ಲುಹಾಸಿನಲ್ಲಿ. ಅಲ್ಲಿಗೆ ಸಾಮಾನ್ಯವಾಗಿ ಟಿಕೆಟ್ ಕೇಳುವುದಿಲ್ಲ. ಗೌನು ಬಾಡಿಗೆಯದಾದ್ದರಿಂದ ಅದನ್ನು ಹಿಂತಿರುಗಿಸುವ ಗಂಟೆಯನ್ನು ರಸೀದಿಯಲ್ಲಿ ನೋಡಿಕೊಂಡು, ಸಮಾರಂಭಕ್ಕೆ ಮೊದಲೇ ಪಡೆದು ತೊಟ್ಟರೆ ಒಳಗೆ ಬರಲಾಗದವರ ಜೊತೆ ನಿಲ್ಲಲು ಒಂದೆರಡು ಗಂಟೆ ಸಿಗುತ್ತದೆ.